ಮೇಣದ ಕಡೆಗೀಲು

ಒಲಿಂಪಿಯಾದಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಭೂಕಂಪಕ್ಕೆ ಉರುಳಿದ ಜ್ಯೂಸ್ ದೇವಾಲಯದ ಕಂಬಗಳು ಬಿದ್ದಲ್ಲೇ ಬಿಲ್ಲೆಬಿಲ್ಲೆಯಾಗಿ ಮಲಗಿವೆ. ಹೇರಾ ದೇವಿಯ ಗುಡಿಯ ಕೆಲವು ಕಂಬಗಳು ಎದ್ದು ನಿಂತಿವೆ. ಓಟಗಾರರು ಕಾಲ್ಬೆರಳೂರಿ ನಿಲ್ಲುತ್ತಿದ್ದ ಕಲ್ಲುಪಟ್ಟಿ ಸ್ಟೇಡಿಯಂನಲ್ಲಿ ಹಾಗೇ ಇದೆ. ನಾವು ಹುಡುಕಿಕೊಂಡು ಹೋದ ಜಾಗ ಮಾತ್ರ ಇಲ್ಲ. ರಥಗಳು ಓಡುತ್ತಿದ್ದ ಹಿಪ್ಪೊಡ್ರೋಮ್ ಎಲ್ಲಿ ಎಂದು ಕಾವಲಿನವನನ್ನು ಕೇಳಿದರೆ ಸ್ಟೇಡಿಯಂನ ದಕ್ಷಿಣದ ದಿಬ್ಬದಾಚೆಗೆ ಕೈ ಬೀಸಿದ. ದಿಬ್ಬ ಹತ್ತಿ ನೋಡಿದೆವು: ಹುಲ್ಲು, ಆಲಿವ್ ಮರಗಳು, ಅವುಗಳಾಚೆ ಆಲ್ಫಿಯೋಸ್ ನದಿಯ ಬಯಲು.

ಆಲ್ಫಿಯೋಸ್ ಮತ್ತು ಅದರ ಉಪನದಿ ಕ್ಲಾಡಿಯೋಸ್ ಎರಡೂ ಸೇರಿ ಈ ಕ್ಷೇತ್ರವನ್ನು ಹಲವು ಅಡಿ ಆಳದ ಹೂಳಿನಲ್ಲಿ ಮುಚ್ಚಿಹಾಕಿದ್ದವು. 1875ರಲ್ಲಿ ಜರ್ಮನ್ನರು ಉತ್ಖನನ ಶುರು ಮಾಡಿ ಗುಡಿಗಳನ್ನೂ ಸ್ಟೇಡಿಯಂ ಅನ್ನೂ ಹೊರತೆಗೆದರು. ರಥದ ಬಯಲು ಸಿಗಲಿಲ್ಲ. ನದಿ ದಿಕ್ಕು ಬದಲಿಸಿದಾಗ ಅದು ಕೊಚ್ಚಿಹೋಗಿರಬೇಕೆಂದು ಬಹುಕಾಲ ನಂಬಿದ್ದರು. 2008ರಲ್ಲಿ ಜರ್ಮನ್ ಸಂಶೋಧಕರು ಭೂಭೌತಿಕ ಉಪಕರಣಗಳಿಂದ ಹುಡುಕಿ, ನೆಲದೊಳಗೆ ನೇರವಾಗಿ ಸಾಗುವ ಉದ್ದನೆಯ ರಚನೆಗಳ ಜಾಡು ಕಂಡಿತೆಂದರು. ಪ್ರಾಚೀನ ಜಗತ್ತಿನ ಅತ್ಯಂತ ಹೆಸರುವಾಸಿ ರಥಸ್ಪರ್ಧೆ ನಡೆದ ಜಾಗದಲ್ಲಿ ಇವತ್ತು ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ.

"ಸರಿ ಬಿಡು, ಅಂಗಳ ಇಲ್ಲದಿದ್ದರೇನು, ಜಗಳ ಇದೆಯಲ್ಲ" ಎಂದಳು ಅಕ್ಕ.

ಅಕ್ಕ ಕಾಲೇಜಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತಳಾದವಳು. ಅವಳು ಜಗಳ ಎಂದದ್ದು ಅಥೆನ್ಸ್‌ನಲ್ಲಿ ನೋಡಿ ಬಂದಿದ್ದ ಒಂದು ಮಡಕೆಚೂರಿನ ನೆನಪಿನಲ್ಲಿ.

ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿರುವ ಆ ಚೂರು ಸೋಫಿಲೋಸ್ ಎಂಬ ಚಿತ್ರಕಾರನದು, ಕ್ರಿ.ಪೂ. 580ರ ಆಸುಪಾಸಿನದು. ಅಗಲ ಬಾಯಿಯ ದೊಡ್ಡ ಪಾತ್ರೆಯೊಂದು ಒಡೆದು ಉಳಿದ ತುಣುಕು. ಎಡಗಡೆಯಿಂದ ಕುದುರೆಗಳು ನುಗ್ಗಿ ಬರುತ್ತಿವೆ. ಅವು ಎಳೆಯುತ್ತಿದ್ದ ರಥ ಒಡೆದುಹೋದ ಭಾಗದಲ್ಲಿ ಕಳೆದುಹೋಗಿದೆ. ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಅಟ್ಟಣೆ. ಅದರ ಮೇಲೆ ಕೂತ ಪುಟ್ಟ ಪುಟ್ಟ ಮನುಷ್ಯರು ಕೈ ಎತ್ತಿ, ಮೈ ತಿರುಗಿಸಿ, ಒಬ್ಬರ ಮುಖಕ್ಕೊಬ್ಬರು ಮುಖ ಕೊಟ್ಟು ಕೂಗಾಡುತ್ತಿದ್ದಾರೆ. ಇದು ಪೆಟ್ರೊಕ್ಲಸ್‌ನ ಹೆಸರಿನ ಕ್ರೀಡೆ ಎಂದು ಅಕ್ಷರದಲ್ಲೇ ಬರೆದಿದ್ದಾನೆ, ಬಣ್ಣ ಹಾಕಿದವನು ತಾನೆಂದೂ ಬರೆದುಕೊಂಡಿದ್ದಾನೆ. ಕುದುರೆಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಅಟ್ಟಣೆಯ ಜನ. ಬಾಯಿ ಮುಚ್ಚಿ ಕೂತು ನೋಡುವ ಪ್ರೇಕ್ಷಕ ಅಲ್ಲಿ ಒಬ್ಬನೂ ಇರಲಿಲ್ಲ.

ರಥಸ್ಪರ್ಧೆಯ ಮೊದಲ ಸವಿವರ ವರ್ಣನೆ ಇರುವುದು ಹೋಮರನ ಇಲಿಯಡ್‌ನ 23ನೆಯ ಕಾಂಡದಲ್ಲಿ. ಸೋಫಿಲೋಸ್ ಬರೆದದ್ದು ಆ ಪ್ರಸಂಗವನ್ನೇ. ಅಕಿಲಿಸ್‌ನ ಗೆಳೆಯ ಪೆಟ್ರೊಕ್ಲಸ್ ಯುದ್ಧದಲ್ಲಿ ಸತ್ತಿದ್ದಾನೆ. ಚಿತೆ ಆರಿದ ಮೇಲೆ ಅಕಿಲಿಸ್ ತನ್ನ ಹಡಗುಗಳಿಂದ ಕಡಾಯಿ, ಮುಕ್ಕಾಲಿ ಪಾತ್ರೆ, ಕುದುರೆ, ಚಿನ್ನ ಎಲ್ಲವನ್ನೂ ಹೊರಗೆ ತರಿಸಿ ಆಟಗಳನ್ನು ಏರ್ಪಡಿಸುತ್ತಾನೆ. ಮೊದಲನೆಯದೇ ರಥದ ಓಟ. ಐದು ಮಂದಿ ಚೀಟಿ ಎತ್ತಿ ಸಾಲು ನಿಲ್ಲುತ್ತಾರೆ. ತಿರುವುಗಂಬವೆಂದರೆ ದೂರದಲ್ಲಿ ನೆಟ್ಟಿದ್ದ ಒಂದು ಒಣಮರದ ಮೋಟು, ಅದಕ್ಕೆ ಆನಿಸಿದ ಎರಡು ಬಿಳಿ ಕಲ್ಲು. ಅದು ಎಂದೋ ಸತ್ತವನೊಬ್ಬನ ಸಮಾಧಿಯ ಗುರುತೂ ಆಗಿರಬಹುದು, ಹಿಂದಿನವರು ರಥ ತಿರುಗಿಸಿದ ಕಂಬವೂ ಆಗಿರಬಹುದು ಎಂದು ಮುದುಕ ನೆಸ್ಟರ್ ಮಗನಿಗೆ ಹೇಳುತ್ತಾನೆ. ಹೋಮರನ ಕಾಲಕ್ಕಾಗಲೇ ಈ ಆಟದ ಮೂಲ ಮಸುಕಾಗಿತ್ತು.

ನೆಸ್ಟರ್ ಮಗನಿಗೆ ಕೊಡುವ ಉಪದೇಶದಲ್ಲಿ ಇಡೀ ಆಟದ ಮರ್ಮವಿದೆ. ನಿನ್ನ ಕುದುರೆಗಳು ನಿಧಾನದವು, ಬುದ್ಧಿ ಬಳಸು. ಕಂಬದ ಹತ್ತಿರ ಮೈಯನ್ನು ಎಡಕ್ಕೆ ವಾಲಿಸು, ಬಲಗಡೆಯ ಕುದುರೆಗೆ ಚುಚ್ಚಿ ಲಗಾಮು ಸಡಿಲಬಿಡು, ಎಡಗಡೆಯದು ಕಂಬವನ್ನು ಸವರಿಕೊಂಡೇ ಹೋಗಲಿ. ಗಾಲಿಯ ಗುಂಭ ಕಲ್ಲಿಗೆ ತಾಗಿತೋ ಇಲ್ಲವೋ ಎನ್ನುವಷ್ಟು ಹತ್ತಿರ. ಆದರೆ ತಾಗಿತೋ, ಕುದುರೆಗೂ ಪೆಟ್ಟು, ರಥವೂ ಪುಡಿ. ಎತ್ತಿನ ಬಂಡಿಯನ್ನು ಇಕ್ಕಟ್ಟಾದ ಓಣಿಯ ಮೂಲೆಯಲ್ಲಿ ತಿರುಗಿಸಿದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ರಥದ ಸ್ಪರ್ಧೆ ನಿರ್ಧಾರವಾಗುತ್ತಿದ್ದುದು ನೇರ ಓಟದಲ್ಲಿ ಅಲ್ಲ, ತಿರುವಿನಲ್ಲಿ.

ಮಗ ಆಂಟಿಲೋಕಸ್ ಬುದ್ಧಿಯನ್ನೇನೋ ಬಳಸಿದ, ಅಪ್ಪ ಹೇಳಿದ ಕಡೆ ಮಾತ್ರ ಅಲ್ಲ. ಮಳೆನೀರು ಕೊರೆದು ದಾರಿ ಕಿರಿದಾದ ಕಡೆಯಲ್ಲಿ ಮೆನೆಲಾಸ್‌ನ ಪಕ್ಕಕ್ಕೆ ರಥ ನುಗ್ಗಿಸಿದ. ಡಿಕ್ಕಿಯಾದೀತೆಂದು ಹೆದರಿ ಮೆನೆಲಾಸ್ ಲಗಾಮು ಜಗ್ಗಿದ, ಹಿಂದೆ ಬಿದ್ದ. ಅತ್ತ ಯೂಮೆಲಸ್‌ನ ನೊಗ ಮುರಿದು ಅವನು ನೆಲಕ್ಕುರುಳಿ ಮುಖವೆಲ್ಲ ತರಚಿಕೊಂಡ. ಇತ್ತ ಪ್ರೇಕ್ಷಕರಲ್ಲಿ, ಮುಂದೆ ಬರುತ್ತಿರುವ ರಥ ಯಾರದೆಂಬ ಬಗ್ಗೆ ಇಡೊಮೆನಿಯಸ್ ಮತ್ತು ಏಜಾಕ್ಸ್ ಪಣ ಕಟ್ಟುವ ಮಟ್ಟಕ್ಕೆ ಬೈದಾಡಿಕೊಂಡರು. ಅಕಿಲಿಸ್ ಎದ್ದು ಬಂದು ಸುಮ್ಮನಾಗಿಸಬೇಕಾಯಿತು. ಡಯೋಮಿಡಿಸ್ ಮೊದಲಿಗನಾಗಿ ಬಂದ, ಅದರಲ್ಲಿ ತಕರಾರಿಲ್ಲ. ಎರಡನೆಯ ಬಹುಮಾನದ ಹೆಣ್ಣುಕುದುರೆಗೆ ಆಂಟಿಲೋಕಸ್ ಕೈ ಹಾಕಿದಾಗ ಮೆನೆಲಾಸ್ ಎದ್ದು ನಿಂತ: ಚಾಟಿ ಹಿಡಿದು ನಿನ್ನ ಕುದುರೆಗಳ ಮುಂದೆ ನಿಲ್ಲು, ಅವುಗಳ ಮೈ ಮುಟ್ಟಿ, ಬೇಕೆಂದೇ ನನ್ನ ರಥಕ್ಕೆ ಅಡ್ಡ ಬರಲಿಲ್ಲವೆಂದು ಪೊಸೈಡನ್ ದೇವರ ಆಣೆ ಮಾಡು.

ಆಂಟಿಲೋಕಸ್ ಆಣೆ ಮಾಡಲಿಲ್ಲ. ಚಿಕ್ಕವನ ದುಡುಕು, ಮನ್ನಿಸು ಎಂದು ಕುದುರೆಯನ್ನು ಬಿಟ್ಟುಕೊಟ್ಟ. ಅವನು ಸೋತು ಮಾತಾಡಿದ್ದೇ ತಡ, ಮೆನೆಲಾಸ್ ಅದೇ ಕುದುರೆಯನ್ನು ಅವನಿಗೇ ಮರಳಿಸಿ, ತಾನು ಮೂರನೆಯವನಿಗಿದ್ದ ಕಡಾಯಿ ತೆಗೆದುಕೊಂಡ. ನಾಲ್ಕನೆಯ ಮೆರಿಯೋನಿಸ್‌ಗೆ ಎರಡು ತೂಕ ಚಿನ್ನ ಸಿಕ್ಕಿತು. ರಥ ಮುರಿದು ಕೊನೆಗೆ ಬಂದ ಯೂಮೆಲಸ್‌ಗೆ ಅಕಿಲಿಸ್ ಬೇರೆಯದೇ ಒಂದು ಎದೆಗವಚ ತರಿಸಿ ಕೊಟ್ಟ. ಹಾಗೆ ಉಳಿದುಹೋದ ಐದನೆಯ ಬಹುಮಾನವನ್ನು, ವಯಸ್ಸಾಗಿ ರಥವನ್ನೇ ಏರದಿದ್ದ ನೆಸ್ಟರ್‌ನ ಕೈಗಿಟ್ಟ. ಬರಿಗೈಯಲ್ಲಿ ಗುಡಾರಕ್ಕೆ ಮರಳಿದವರು ಯಾರೂ ಇಲ್ಲ.

ಪೈರ್ಗೊಸ್‌ ಕಡೆಯ ಬಸ್ಸಿನಲ್ಲಿ ಅಕ್ಕ ಇದನ್ನೇ ಮೆಲುಕು ಹಾಕುತ್ತಿದ್ದಳು. "ನಮ್ಮಲ್ಲೂ ಹೀಗೇ ಒಂದು ಕಥೆ ಇದೆಯಲ್ಲೋ. ಐತರೇಯ ಬ್ರಾಹ್ಮಣದಲ್ಲಿ ದೇವತೆಗಳೇ ಪಂದ್ಯ ಕಟ್ಟುತ್ತಾರೆ. ಅಗ್ನಿ ಹೇಸರಗತ್ತೆ ಹೂಡಿದ, ಉಷೆ ಕೆಂಪು ಹಸು ಹೂಡಿದಳು, ಇಂದ್ರ ಕುದುರೆ ಹೂಡಿದ. ಗೆದ್ದವರು ಯಾರು ಹೇಳು? ಕತ್ತೆ ಹೂಡಿದ ಅಶ್ವಿನೀದೇವತೆಗಳು!" ಪಂದ್ಯಕ್ಕಿಟ್ಟದ್ದು ಒಂದು ಸ್ತೋತ್ರಮಾಲೆ. ಅದು ಅಶ್ವಿನಿಗಳ ಪಾಲಾಯಿತು, ಹೆಸರೂ ಅವರದೇ ಆಯಿತು. ಆದರೆ ಸೋತವರು ನಮಗೂ ಒಂದು ಪಾಲು ಇರಲಿ ಎಂದು ಕೇಳಿದರು, ಕೊಟ್ಟರು. ಅದಕ್ಕೇ ಆ ಸ್ತೋತ್ರದಲ್ಲಿ ಅಗ್ನಿ, ಉಷೆ, ಇಂದ್ರ ಎಲ್ಲರಿಗೂ ಜಾಗವಿದೆ.

ಗ್ರೀಸಿನ ಕಥೆಗೆ ವೇದದ ಕಥೆಯನ್ನು ಗಂಟು ಹಾಕುವುದು ಬರೀ ಊರಭಿಮಾನವಾದೀತೇ ಎಂದು ನನಗೆ ಅಳುಕು. ಆದರೆ ನೆಲದಡಿಯ ಸಾಕ್ಷಿಗಳು ಈ ನಂಟಿಗೆ ಅಡ್ಡ ಬರುವುದಿಲ್ಲ. ಅರೆಗಳಿರುವ ಹಗುರ ಗಾಲಿಯ ಅತ್ಯಂತ ಹಳೆಯ ರಥಗಳು ಸಿಕ್ಕಿರುವುದು ರಷ್ಯಾದ ದಕ್ಷಿಣ ಉರಲ್ ಬೆಟ್ಟಗಳ ಬಳಿ, ಸಿಂತಾಷ್ಟಾ ಸಂಸ್ಕೃತಿಯ ಗೋರಿಗಳಲ್ಲಿ. ಕಾಲ ಸುಮಾರು ಕ್ರಿ.ಪೂ. 2000. ಮರ ಕೊಳೆತುಹೋಗಿದೆ, ಗೋರಿಯ ನೆಲದಲ್ಲಿ ಗಾಲಿ ನಿಲ್ಲಿಸಲು ತೋಡಿದ್ದ ಗುಳಿಗಳಲ್ಲಿ ಅರೆಗಳ ಅಚ್ಚು ಉಳಿದಿದೆ. ಇವು ಯುದ್ಧಕ್ಕೆ ಒದಗದಷ್ಟು ಕಿರಿದು, ಆಚರಣೆಗೋ ಓಟಕ್ಕೋ ಬಳಕೆಯಾಗಿರಬೇಕೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಈ ಹಗುರ ರಥ ಮುಂದಿನ ಕೆಲವು ಶತಮಾನಗಳಲ್ಲಿ ಪಶ್ಚಿಮ ಏಷ್ಯಾ, ಈಜಿಪ್ಟ್, ಗ್ರೀಸ್, ಭಾರತ ಎಲ್ಲ ಕಡೆ ಹಬ್ಬಿತು. ಇಂದಿನ ಟರ್ಕಿಯ ಹಟ್ಟುಸಾದಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳಲ್ಲಿ, ಮಿತಾನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕ ರಥದ ಕುದುರೆಗಳನ್ನು ಪಳಗಿಸುವ ದಿನಚರಿ ಬರೆಸಿದ್ದಾನೆ: ಇಂಥ ದಿನ ಇಷ್ಟು ಓಟ, ಇಷ್ಟು ಮೇವು, ಇಷ್ಟು ಸಲ ಮೈ ತೊಳೆಯುವುದು. ಕಾಲ ಸುಮಾರು ಕ್ರಿ.ಪೂ. 1400. ಸುತ್ತುಗಳನ್ನು ಎಣಿಸುವಾಗ ಅವನು ಬಳಸುವ ಐಕ, ತೇರ, ಪಂಜ, ಸತ್ತ, ವರ್ತನ್ನ ಎಂಬ ಮಾತುಗಳು ಅಕ್ಕನಂಥವರಿಗೆ ವಿವರಣೆಯಿಲ್ಲದೆ ತಿಳಿಯುತ್ತವೆ.

ವೈದಿಕರ ವಾಜಪೇಯ ಯಾಗದಲ್ಲಿ ರಥದ ಓಟ ಕರ್ಮಾಂಗವೇ ಆಗಿತ್ತು. ಹದಿನೇಳು ರಥ, ಹದಿನೇಳು ನಗಾರಿ. ಹದಿನೇಳು ಬಾಣದ ದೂರಕ್ಕೆ ಅತ್ತಿಮರದ ಕೊಂಬೆ ನೆಟ್ಟು, ಅದನ್ನು ಸುತ್ತಿ ಬರಬೇಕು. ಗೆಲ್ಲುವವನು ಮಾತ್ರ ಮೊದಲೇ ನಿಶ್ಚಯ: ಯಾಗ ಮಾಡಿಸುವ ಯಜಮಾನ. "ಇದೆಂಥ ಪಂದ್ಯ?" ಎಂದೆ. "ಪಂದ್ಯ ಅಲ್ಲವೋ, ಅದು ಪ್ರಕಟಣೆ. ಇವನು ಗೆದ್ದ ಅಂತ ಎಲ್ಲರ ಮುಂದೆ ಸಾರೋದು" ಎಂದಳು ಅಕ್ಕ. ನನಗೆ ಅಲ್ಲಿಂದಾಚೆ ಎರಡು ಬಗೆಯ ಓಟ ಬೇರೆಬೇರೆಯಾಗಿ ಕಾಣತೊಡಗಿದವು. ಓಟ ಮುಗಿದ ಮೇಲೆ ಎಲ್ಲರಿಗೂ ಪಾಲು ಹಂಚುವುದು ಒಂದು ಬಗೆ. ಒಬ್ಬನನ್ನೇ ಎತ್ತಿ ನಿಲ್ಲಿಸುವುದಕ್ಕಾಗಿ ಓಡಿಸುವುದು ಇನ್ನೊಂದು ಬಗೆ. ಒಲಿಂಪಿಯಾ ಈ ಎರಡನೆಯ ದಾರಿ ಹಿಡಿದ ಊರು.

ಅದರ ಮೂಲಕಥೆಯೇ ಹಾಗಿದೆ. ಒಲಿಂಪಿಯಾ ಮ್ಯೂಸಿಯಂನ ನಡುವಿನ ದೊಡ್ಡ ಕೋಣೆಯಲ್ಲಿ ಜ್ಯೂಸ್ ದೇವಾಲಯದ ಪೂರ್ವದ ಮುಖದಲ್ಲಿದ್ದ ಅಮೃತಶಿಲೆಯ ಪ್ರತಿಮೆಗಳನ್ನು ಸಾಲಾಗಿ ಜೋಡಿಸಿದ್ದಾರೆ. ದೇವಾಲಯ ಕಟ್ಟಿ ಮುಗಿದದ್ದು ಕ್ರಿ.ಪೂ. 457ರ ಹೊತ್ತಿಗೆ. ನಡುವೆ ತಲೆಯಿಲ್ಲದ ಜ್ಯೂಸ್. ಅವನ ಒಂದು ಪಕ್ಕಕ್ಕೆ ಪೀಸಾ ಊರಿನ ಅರಸ ಓನೊಮಾಸ್, ಇನ್ನೊಂದು ಪಕ್ಕಕ್ಕೆ ಅವನ ಮಗಳನ್ನು ಬೇಡಿ ಬಂದ ಯುವಕ ಪೆಲೋಪ್ಸ್. ಎರಡೂ ಕಡೆ ನಾಲ್ಕು ನಾಲ್ಕು ಕುದುರೆಗಳ ರಥ. ಓಟ ಇನ್ನೂ ಶುರುವಾಗಿಲ್ಲ. ನೆಲದ ಮೇಲೆ ಕೂತ ಮುದಿ ಜ್ಯೋತಿಷಿಯೊಬ್ಬನ ಹೊಟ್ಟೆ ಜೋತಿದೆ, ಕೈ ಕೆನ್ನೆಗೆ ಹೋಗಿದೆ. ಮುಂದಾಗುವುದು ಅವನಿಗೊಬ್ಬನಿಗೆ ಗೊತ್ತು.

ಮಗಳು ಹಿಪ್ಪೊಡಾಮಿಯಾಳನ್ನು ಮದುವೆಯಾಗಬೇಕೆಂದವನು ರಥದಲ್ಲಿ ಓಡಬೇಕು. ಅರಸ ಬೆನ್ನಟ್ಟಿ ಹಿಡಿದರೆ ಈಟಿಗೆ ಬಲಿ. ಹೀಗೆ ಹಲವು ವರರ ತಲೆ ಉರುಳಿತ್ತು. ಪೆಲೋಪ್ಸ್ ಅರಸನ ಸಾರಥಿ ಮಿರ್ಟಿಲಸ್‌ನನ್ನು ಒಳಗೆ ಹಾಕಿಕೊಂಡ. ಮಿರ್ಟಿಲಸ್ ಅಚ್ಚಿನ ಕಡೆಗೀಲು ತೆಗೆದು ಆ ಜಾಗಕ್ಕೆ ಮೇಣದ ಕೀಲು ಸಿಕ್ಕಿಸಿದ. ಓಟದ ಕಾವಿಗೆ ಮೇಣ ಕರಗಿತು, ಗಾಲಿ ಕಳಚಿತು, ಅರಸ ಸತ್ತ. ಆಮೇಲೆ ಪೆಲೋಪ್ಸ್, ಒಪ್ಪಿದ ಪ್ರತಿಫಲ ಕೊಡುವ ಬದಲು ಮಿರ್ಟಿಲಸ್‌ನನ್ನೇ ಕಡಲಿಗೆ ನೂಕಿದ. ಬೀಳುತ್ತ ಅವನು ಕೊಟ್ಟ ಶಾಪ ಪೆಲೋಪ್ಸ್‌ನ ವಂಶವನ್ನು ತಲೆಮಾರುಗಳವರೆಗೆ ಕಾಡಿತು.

"ದಶರಥನ ರಥದ ಕಡೆಗೀಲು ಕಳಚಿದಾಗ ಕೈಕೇಯಿ ಬೆರಳು ಕೊಟ್ಟಳು ಅಂತ ಅಜ್ಜಿ ಹೇಳ್ತಿದ್ದಳಲ್ಲ. ಇಲ್ಲಿ ನೋಡು, ಮೇಣ ಕೊಟ್ಟಿದ್ದಾರೆ" ಎಂದು ಅಕ್ಕ ಆ ಸಾರಥಿ ಯಾವನಿರಬಹುದೆಂದು ಪ್ರತಿಮೆಗಳ ನಡುವೆ ಹುಡುಕಿದಳು.

ಕವಿ ಪಿಂಡಾರ್‌ಗೆ ಈ ಮೋಸ ಹಿಡಿಸಲಿಲ್ಲ. ಸಿರಕ್ಯೂಸ್‌ನ ಅರಸ ಹೀರೋನ್‌ನ ಕುದುರೆ ಕ್ರಿ.ಪೂ. 476ರಲ್ಲಿ ಒಲಿಂಪಿಯಾದಲ್ಲಿ ಗೆದ್ದಾಗ ಅವನು ಬರೆದ ಗೀತದಲ್ಲಿ ಪೊಸೈಡನ್ ದೇವರೇ ಪೆಲೋಪ್ಸ್‌ಗೆ ದಣಿವರಿಯದ ರೆಕ್ಕೆಕುದುರೆಗಳನ್ನು ಕೊಡುತ್ತಾನೆ. ಮೇಣದ ಸುದ್ದಿಯೇ ಇಲ್ಲ. ಗೆದ್ದವನನ್ನು ಹೊಗಳಲು ಕೂತ ಕವಿ ಕಡೆಗೀಲನ್ನು ಭದ್ರಪಡಿಸಿಕೊಳ್ಳಬೇಕಲ್ಲ. ಆದರೂ ಜನರ ಬಾಯಲ್ಲಿ ಉಳಿದುಕೊಂಡದ್ದು ಮೇಣದ ಕಥೆ. ಪೆಲೋಪ್ಸ್‌ನ ಸಮಾಧಿ ಎಂದು ಪೂಜೆಗೊಳ್ಳುತ್ತಿದ್ದ ಆವರಣ ಜ್ಯೂಸ್ ಮತ್ತು ಹೇರಾ ಗುಡಿಗಳ ನಡುವೆಯೇ ಇದೆ. ಸಂದೇಹದ ಗೆಲುವು ಸಾಧಿಸಿದವನೇ ಕ್ಷೇತ್ರದ ಮೂಲಪುರುಷ.

ಈ ಸಂದೇಹವನ್ನು ತಡೆಯುವುದಕ್ಕೆ ಒಲಿಂಪಿಯಾ ಪಟ್ಟ ಪಾಡು ಇಲ್ಲಿನ ಕಲ್ಲುಕಲ್ಲಿನಲ್ಲಿದೆ. ಸಭಾಮಂದಿರದಲ್ಲಿ ಎರಡು ಕೈಯಲ್ಲೂ ವಜ್ರಾಯುಧ ಹಿಡಿದ ಜ್ಯೂಸ್ ಪ್ರತಿಮೆ ಇತ್ತು. ಸ್ಪರ್ಧಿಗಳು, ಅವರ ಅಪ್ಪಂದಿರು, ಅಣ್ಣತಮ್ಮಂದಿರು, ತರಬೇತುದಾರರು ಎಲ್ಲರೂ ಅದರ ಮುಂದೆ ಕಾಡುಹಂದಿಯ ಮಾಂಸದ ತುಂಡುಗಳ ಮೇಲೆ ಆಣೆ ಮಾಡಬೇಕಿತ್ತು. ಸ್ಟೇಡಿಯಂಗೆ ಹೋಗುವ ದಾರಿಯ ಪಕ್ಕ ಪೀಠಗಳ ಸಾಲೊಂದಿದೆ. ಮೋಸ ಮಾಡಿ ಸಿಕ್ಕಿಬಿದ್ದವರ ದಂಡದ ಹಣದಿಂದ ಮಾಡಿಸಿದ ಕಂಚಿನ ಜ್ಯೂಸ್ ವಿಗ್ರಹಗಳು ಅವುಗಳ ಮೇಲಿದ್ದವು. ಮೊದಲ ಆರು ಬಂದದ್ದು ಕ್ರಿ.ಪೂ. 388ರಲ್ಲಿ, ಎದುರಾಳಿಗಳಿಗೆ ಲಂಚ ಕೊಟ್ಟ ಯೂಪೊಲಸ್ ಎಂಬ ಮುಷ್ಟಿಯುದ್ಧದವನ ಪ್ರಕರಣದಿಂದ.

ಕ್ರಿ.ಶ. ಎರಡನೆಯ ಶತಮಾನದ ಪ್ರವಾಸಿ ಪೌಸನಿಯಾಸ್ ಇಲ್ಲಿಗೆ ಬಂದಾಗ ರಥದ ಬಯಲು ಇನ್ನೂ ಇತ್ತು. ನಾವು ಹುಲ್ಲು ನೋಡಿದ ಕಡೆ ಅವನು ನೋಡಿದ ಹೊರಡುವ ಕಟ್ಟೆ ಹಡಗಿನ ಮೂತಿಯ ಆಕಾರದ್ದು, ಒಂದೊಂದು ಬದಿಯೂ 400 ಅಡಿಗಿಂತ ಉದ್ದ. ರಥಗಳು ಚೀಟಿಯಲ್ಲಿ ಬಂದ ಅಂಕಣದಲ್ಲಿ ಹಗ್ಗದ ಹಿಂದೆ ನಿಲ್ಲುತ್ತಿದ್ದವು. ಸೂಚನೆಗೆ ಕಂಚಿನ ಹದ್ದೊಂದು ಮೇಲೇಳುತ್ತಿತ್ತು, ಕಂಚಿನ ಡಾಲ್ಫಿನ್ ಕೆಳಗೆ ಬೀಳುತ್ತಿತ್ತು. ಎಲ್ಲಕ್ಕಿಂತ ಹಿಂದೆ, ಎರಡು ಕೊನೆಗಳಲ್ಲಿದ್ದ ರಥಗಳ ಹಗ್ಗ ಮೊದಲು ಸಡಿಲ. ಅವು ಪಕ್ಕದವುಗಳ ಸಮಕ್ಕೆ ಬಂದಾಗ ಅವುಗಳ ಹಗ್ಗ. ಹೀಗೆ ಮೂತಿಯ ಹತ್ತಿರ ಬರುವಷ್ಟರಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ. ಕ್ಲಿಯೋಯಿಟಸ್ ಎಂಬವನ ಈ ಉಪಾಯದ ಹಿಂದೆ ಇದ್ದದ್ದು, ಸೋತವನು ನನಗೆ ಮೋಸವಾಯಿತು ಎನ್ನಬಾರದೆಂಬ ಎಚ್ಚರ. ಅದೇ ಬಯಲಿನಲ್ಲಿ ಕುದುರೆಗಳು ಕಾರಣವಿಲ್ಲದೆ ಬೆಚ್ಚಿಬೀಳುತ್ತಿದ್ದ ಒಂದು ದುಂಡು ಬಲಿಪೀಠವೂ ಇತ್ತಂತೆ. ಪೌಸನಿಯಾಸ್ ಕೇಳಿದ ಕಾರಣಗಳಲ್ಲಿ ಒಂದು: ಅದು ಮಿರ್ಟಿಲಸ್‌ನ ಕೋಪ ಶಮನಕ್ಕೆಂದು ಪೆಲೋಪ್ಸ್ ಎತ್ತಿಸಿದ ಬರಿದು ಸಮಾಧಿ. ಎಷ್ಟು ಹಗ್ಗ, ಎಷ್ಟು ಹದ್ದು ಕಟ್ಟಿದರೂ ಮೇಣ ಕೊಟ್ಟ ಸಾರಥಿಯ ನೆನಪು ಬಯಲು ಬಿಟ್ಟು ಹೋಗಿರಲಿಲ್ಲ.

ಕ್ರೀಡಾಕೂಟದ ಆರಂಭ ಕ್ರಿ.ಪೂ. 776 ಎಂಬುದು ಗ್ರೀಕರ ಲೆಕ್ಕ. ನಾಲ್ಕು ಕುದುರೆಗಳ ರಥ ಅದಕ್ಕೆ ಸೇರಿದ್ದು ಕ್ರಿ.ಪೂ. 680ರಲ್ಲಿ. ಹನ್ನೆರಡು ಸುತ್ತು, ಅಷ್ಟೂ ಸಲ ಬಯಲಿನ ಎರಡು ತುದಿಯ ಕಂಬಗಳನ್ನು ಬಳಸಬೇಕು. ಮೊದಲು ಬಂದ ರಥಕ್ಕೆ ಕಾಡು ಆಲಿವ್ ಎಲೆಯ ಒಂದು ಕಿರೀಟ. ಎರಡನೆಯದಕ್ಕೆ ಏನೂ ಇಲ್ಲ. ಆ ಒಂದು ಕಿರೀಟವೂ ಲಗಾಮು ಹಿಡಿದವನಿಗಲ್ಲ, ಕುದುರೆ ಸಾಕಿದ ಧಣಿಗೆ. ಹೀಗಾಗಿ ಗೆಲುವು ಕೈ ಬದಲಾಯಿಸಬಹುದಾದ ಸೊತ್ತಾಯಿತು. ಅಥೆನ್ಸ್‌ನಿಂದ ಗಡೀಪಾರಾಗಿದ್ದ ಕಿಮೋನ್ ಅವೇ ಕುದುರೆಗಳಿಂದ ಮೂರು ಸಲ ಗೆದ್ದವನು. ಎರಡನೆಯ ಗೆಲುವನ್ನು ಸರ್ವಾಧಿಕಾರಿ ಪಿಸಿಸ್ಟ್ರಾಟಸ್‌ನ ಹೆಸರಿಗೆ ಬರೆಸಿ, ಬದಲಿಗೆ ಊರಿಗೆ ಮರಳುವ ಅಪ್ಪಣೆ ಪಡೆದ. ಮೂರನೆಯ ಗೆಲುವಿನ ನಂತರ ಪಿಸಿಸ್ಟ್ರಾಟಸ್‌ನ ಮಕ್ಕಳು ಅವನನ್ನು ಕೊಲ್ಲಿಸಿದರು. ಕ್ರಿ.ಪೂ. 420ರಲ್ಲಿ ಸ್ಪಾರ್ಟಾದವರಿಗೆ ನಿಷೇಧವಿದ್ದಾಗ ಲೈಕಸ್ ಎಂಬ ಸ್ಪಾರ್ಟಾದ ಶ್ರೀಮಂತ ಬಿಯೋಷಿಯಾದವರ ಹೆಸರಿನಲ್ಲಿ ರಥ ಓಡಿಸಿದ. ಗೆದ್ದಾಗ ತಡೆದುಕೊಳ್ಳಲಾಗಲಿಲ್ಲ, ರಥ ತನ್ನದೆಂದು ತೋರಿಸಲು ಬಯಲಿಗಿಳಿದು ಸಾರಥಿಯ ತಲೆಗೆ ಪಟ್ಟಿ ಕಟ್ಟಿದ. ತೀರ್ಪುಗಾರರು ಅವನಿಗೆ ಎಲ್ಲರೆದುರು ಹೊಡೆಸಿದರು.

ಇದೇ ನಿಯಮ ಒಬ್ಬ ಹೆಂಗಸಿಗೂ ಬಾಗಿಲು ತೆರೆಯಿತು. ಸ್ಪಾರ್ಟಾದ ರಾಜಕುಮಾರಿ ಕಿನಿಸ್ಕಾ ಕ್ರಿ.ಪೂ. 396 ಮತ್ತು 392ರಲ್ಲಿ ಧಣಿಯಾಗಿ ಕಿರೀಟ ಗೆದ್ದಳು. ಇಡೀ ಗ್ರೀಸಿನಲ್ಲಿ ಈ ಕಿರೀಟ ಗೆದ್ದ ಹೆಣ್ಣು ತಾನೊಬ್ಬಳೇ ಎಂದು ಕೆತ್ತಿಸಿದ ಶಾಸನದ ತುಣುಕು ಇಲ್ಲೇ ಸಿಕ್ಕಿದೆ. ಅವಳ ಅಣ್ಣ, ಅರಸ ಅಜೆಸಿಲಾಸ್, ರಥದ ಕುದುರೆ ಸಾಕಲು ಅವಳನ್ನು ಹುರಿದುಂಬಿಸಿದ್ದು, ಈ ಗೆಲುವಿಗೆ ಬೇಕಾದ್ದು ಪೌರುಷವಲ್ಲ ದುಡ್ಡು ಎಂದು ತೋರಿಸುವುದಕ್ಕೆ ಎನ್ನುತ್ತಾನೆ ಇತಿಹಾಸಕಾರ ಜೆನೊಫೋನ್. ಕ್ರಿ.ಶ. 67ರಲ್ಲಿ ರೋಮಿನ ಚಕ್ರವರ್ತಿ ನೀರೋ ಅದನ್ನು ಇನ್ನೂ ಚೆನ್ನಾಗಿ ತೋರಿಸಿಕೊಟ್ಟ: ಹತ್ತು ಕುದುರೆಗಳ ರಥದಿಂದ ಬಿದ್ದ, ಓಟ ಮುಗಿಸಲಿಲ್ಲ, ಕಿರೀಟ ಮಾತ್ರ ಅವನಿಗೇ. ವಾಜಪೇಯದ ಯಜಮಾನನ ಗೆಲುವಿಗೆ ಮಂತ್ರದ ಆಧಾರವಾದರೂ ಇತ್ತು.

ರಿಯೋ–ಆಂಟಿರಿಯೋ ಸೇತುವೆ ದಾಟಿ ಡೆಲ್ಫಿಗೆ ಹೋದದ್ದು ಸಾರಥಿಯೊಬ್ಬನನ್ನು ನೋಡುವುದಕ್ಕೆ. 1896ರಲ್ಲಿ ನೆಲದಡಿ ಸಿಕ್ಕ ಆಳೆತ್ತರದ ಕಂಚಿನ ಯುವಕ, ಕಾಲ ಸುಮಾರು ಕ್ರಿ.ಪೂ. 475. ಅಂಗಿ ಗಾಳಿಗೆ ಉಬ್ಬದಂತೆ ಹೆಗಲ ಮೇಲೆ ಹಾದ ದಾರ, ಕೈಯಲ್ಲಿ ಲಗಾಮಿನ ಚೂರು. ರಥದ ಮರೆಯಲ್ಲಿ ಯಾರ ಕಣ್ಣಿಗೂ ಬೀಳದಿದ್ದ ಪಾದಗಳ ನರಗಳನ್ನೂ ಶಿಲ್ಪಿ ಬಿಟ್ಟಿಲ್ಲ. ಪೀಠದ ಶಾಸನದಲ್ಲಿ ಇರುವುದು ಕಾಣಿಕೆ ಕೊಟ್ಟ ಪಾಲಿಜಾಲಸ್‌ನ ಹೆಸರು. ಸಿಸಿಲಿಯ ಗೆಲಾದ ಒಡೆಯನೆಂಬ ಹಳೆಯ ಸಾಲನ್ನು ಯಾರೋ ಒರೆಸಿ ಬೇರೆ ಬರೆದಿದ್ದಾರೆ. ಧಣಿಯ ಬಿರುದಿಗಾಗಿ ಕಲ್ಲನ್ನು ಎರಡು ಸಲ ಕೆತ್ತಿದ್ದಾರೆ. ಓಡಿಸಿದವನ ಹೆಸರಿಗೆ ಒಂದು ಸಾಲೂ ಸಿಕ್ಕಿಲ್ಲ.

ಡೆಲ್ಫಿಯ ಇಳಿಜಾರಿನ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಅಕ್ಕನಿಗೆ ನಾನು ಒಂದು ಲೆಕ್ಕ ಹೇಳಿದೆ. 1896ರಲ್ಲಿ ಅಥೆನ್ಸ್‌ನಲ್ಲಿ ಹೊಸ ಒಲಿಂಪಿಕ್ಸ್ ಶುರುವಾದಾಗ ಮೊದಲನೆಯವನಿಗೆ ಬೆಳ್ಳಿ ಪದಕ, ಎರಡನೆಯವನಿಗೆ ಕಂಚು ಕೊಟ್ಟರು. 1904ರಿಂದ ಚಿನ್ನ, ಬೆಳ್ಳಿ, ಕಂಚು. ಒಬ್ಬನಿಗೇ ಕಿರೀಟ ಎಂಬ ಒಲಿಂಪಿಯಾದ ಕಟ್ಟಳೆ ಒಲಿಂಪಿಕ್ಸ್‌ನಲ್ಲೇ ಉಳಿಯಲಿಲ್ಲ. ಹೆಸರು ಪೆಲೋಪ್ಸ್‌ನ ಊರಿನದು, ಬಹುಮಾನದ ಕ್ರಮ ಅಕಿಲಿಸ್‌ನ ಅಂಗಳಕ್ಕೆ ಹತ್ತಿರದ್ದು. ಎರಡನೆಯವನನ್ನೂ ಮೂರನೆಯವನನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿಕೊಳ್ಳದೆ ಗೆದ್ದವನ ಗೆಲುವು ಪೂರ್ತಿಯಾಗುವುದಿಲ್ಲವೆಂದು ಹೋಮರನಿಗೆ ತಿಳಿದಿತ್ತು, ನಮಗೆ ಮತ್ತೆ ತಿಳಿಯಲು ಇಷ್ಟು ಕಾಲ ಹಿಡಿಯಿತು.

ಅಕ್ಕ ಪೂರ್ತಿ ಒಪ್ಪಲಿಲ್ಲ. "ಪೂರ್ತಿ ಎಲ್ಲಿ ತಿಳೀತೋ? ಅಕಿಲಿಸ್ ನಾಲ್ಕನೆಯವನಿಗೂ ಎರಡು ತೂಕ ಚಿನ್ನ ಇಟ್ಟಿದ್ದ. ರೋಮಿನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವನು, ಲಾಸ್ ಏಂಜಲೀಸಿನಲ್ಲಿ ಉಷಾ ನಾಲ್ಕನೆಯವಳು. ಇಬ್ಬರನ್ನೂ ಬರಿಗೈಯಲ್ಲಿ ಕಳಿಸಿದರಲ್ಲ!"